ಸಿಡಿಲರಾಯನಿಗೆ ಜ್ವರ ಬಂದದ್ದು

ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ನಾಲಿಗೆ ಬೇರೆ ಕೆಲಸ ಬಿಟ್ಟು ಅಲ್ಲಿಗೇ ಹೋಗುತ್ತಿರುತ್ತದೆ. ಅರ್ಧಕ್ಕೆ ನಿಂತ ಕಥೆಯ ವಿಷಯದಲ್ಲಿ ನನ್ನ ಮನಸ್ಸೂ ಹಾಗೆಯೇ. ಕಥೆ ಚೆನ್ನಾಗಿರಬೇಕೆಂದೇನೂ ಇಲ್ಲ, ನನಗೆ ಸಂಬಂಧಿಸಿರಬೇಕೆಂದೂ ಇಲ್ಲ. ಒಮ್ಮೆ ರೈಲಿನಲ್ಲಿ ಎದುರಿಗೆ ಕೂತಿದ್ದ ಇಬ್ಬರು, “ಬಾಗಿಲಾ ತಗದು ನೋಡ್ತೇನಿ, ಅಕಿ ನನ್ನ ಹಾಸಿಗಿ ಮ್ಯಾಲೆ ಮಲಗ್ಯಾಳ” ಎನ್ನುವಷ್ಟರಲ್ಲಿ ಉಣಕಲ್ ಬಂತು. ಅವರು ಇಳಿದರು. ನಾನು ಇಳಿಯಬೇಕಾದದ್ದು ಧಾರವಾಡದಲ್ಲಿ. ಆದರೂ ಅವರ ಹಿಂದೆಯೇ ಇಳಿದು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ಅಲ್ಲಲ್ಲಿ ಬಗ್ಗುತ್ತ ಕೆರೆಯ ದಾರಿಯವರೆಗೂ ನಡೆದೆ. ಮಲಗಿದ್ದದ್ದು ಪಕ್ಕದ ಮನೆಯ ಬೆಕ್ಕು. ಆ ದಿನ ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಆದರೆ ಬೆಕ್ಕು ಎಂದು ತಿಳಿಯದೆ ಸರಿಯಾದ ಹೊತ್ತಿಗೆ ಹೋಗಿದ್ದರೂ ಕೆಲಸವೇನೂ ಆಗುತ್ತಿರಲಿಲ್ಲ.

ಇಂಥವನ ಪಾಲಿಗೆ ಸಿಡಿಲರಾಯನ ಕಥೆ ನಿಂತುಹೋದದ್ದು ಎಂಥ ಆಘಾತವೆಂದು ನೀವು ಊಹಿಸಬಹುದು. ಏಕೀಕರಣವಾಗಿ ಎರಡು ಮೂರು ವರ್ಷಗಳಾಗಿದ್ದ ಕಾಲ ಅದು. ಬೆಂಗಳೂರಿನಿಂದ ಬರುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ಸಿಡಿಲರಾಯನ ಸಾಹಸಗಳು ಧಾರಾವಾಹಿಯಾಗಿ ಬರುತ್ತಿದ್ದವು. ಹಗಲೆಲ್ಲ ಅಂಚೆ ಕಚೇರಿಯಲ್ಲಿ ಪತ್ರಗಳಿಗೆ ಠಸ್ಸೆ ಹೊಡೆಯುವ ಬಡಕಲು ಗುಮಾಸ್ತ. ಎಲ್ಲಿಯಾದರೂ ಅನ್ಯಾಯವಾದರೆ ಅವನ ಕಿವಿಯಲ್ಲಿ ಗುಡುಗು ಕೇಳಿಸುತ್ತದೆ. ಕೂಡಲೇ ನೀಲಿ ಶಾಲು ಹೊದ್ದು ಆಕಾಶಕ್ಕೆ ಹಾರಿ, ಕಬ್ಬಿಣದ ಗೋಡೆಗಳನ್ನು ಹಪ್ಪಳದಂತೆ ಮುರಿಯುತ್ತಾನೆ. ನಾನೂ ಗುಮಾಸ್ತ, ನಾನೂ ಬಡಕಲು. ಅವನ ಮೇಲೆ ನನಗೆ ಹುಟ್ಟಿದ ಪ್ರೀತಿಗೆ ಬೇರೆ ಕಾರಣ ಬೇಕಿಲ್ಲ. ಅವನ ವೈರಿ ಡಾಕ್ಟರ್ ಕಾರ್ಕೋಟ ಒಂದು ವಾರ ಅವನ ಕೈಕಾಲಿಗೆ ಸರಪಳಿ ಬಿಗಿದು ಕಾದ ಸೀಸದ ಬಾವಿಗೆ ನೂಕಿದ. ಸಿಡಿಲರಾಯ ಬೀಳುತ್ತಿದ್ದಾನೆ, ಬೀಳುತ್ತಿದ್ದಾನೆ, “ಮುಂದಿನ ವಾರಕ್ಕೆ.” ಆ ಮುಂದಿನ ವಾರ ಪತ್ರಿಕೆಯೇ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪತ್ರಿಕೆ ಮುಚ್ಚಿತು ಎಂದು ಸ್ಟೇಷನ್ನಿನ ಪುಸ್ತಕದಂಗಡಿಯವನು ಬಾಳೆಹಣ್ಣು ಮುಗಿಯಿತು ಎಂದಷ್ಟೇ ಹಗುರವಾಗಿ ಹೇಳಿದ.

ನನ್ನ ಹಾಗೆಯೇ ಕಂಗಾಲಾದವರು ಇನ್ನಿಬ್ಬರಿದ್ದರು. ಮೂವರೂ ಹುಬ್ಬಳ್ಳಿಯವರು, ಧಾರವಾಡಕ್ಕೆ ಕೆಲಸಕ್ಕೆ ಹೋಗುವವರು, ದಿನವೂ ಬೆಳಗಿನ ರೈಲಿನಲ್ಲಿ ಒಂದೇ ಡಬ್ಬಿಯಲ್ಲಿ ಕೂರುವವರು. ಒಬ್ಬರು ಧಾರವಾಡದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಶಾಂತಾಬಾಯಿ. ಇನ್ನೊಬ್ಬರು ಅಲ್ಲಿಯ ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರಸಾಬರು. ಒಂದು ಪತ್ರಿಕೆಯನ್ನು ಕೊಂಡು ಮೂವರೂ ಓದುತ್ತಿದ್ದೆವು. ಪತ್ರಿಕೆ ನಿಂತ ಮೇಲೆ ಕೆಲವು ದಿನ ಕಿಟಕಿಯ ಹೊರಗೆ ನೋಡುತ್ತ ಸತ್ತವರ ಮನೆಯವರ ಹಾಗೆ ಕೂತೆವು. ಒಂದು ದಿನ ನವಲೂರು ಸ್ಟೇಷನ್ನಿನಲ್ಲಿ ಪೇರಲಹಣ್ಣು ಕೊಂಡು ಕಚ್ಚುತ್ತ ದಸ್ತಗೀರಸಾಬರು ತಟ್ಟನೆ ಹೇಳಿದರು:

“ಅಲ್ರಿ, ಅಂವಾ ಇನ್ನೂ ಬೀಳಾಕತ್ತಾನಲ್ರಿ. ಎಷ್ಟ ಆಳಿರಬೇಕ್ರಿ ಆ ಬಾವಿ? ಯಾರರ ಎತ್ತಬೇಕಲ್ರಿ ಅವನ್ನ!”

“ನಾವ ಎತ್ತೂಣಲ್ರಿ,” ಎಂದರು ಶಾಂತಾಬಾಯಿ. ಚೆಲ್ಲಿದ ಹಾಲನ್ನು ಒರೆಸೋಣ ಎಂಬಷ್ಟು ಸಹಜವಾಗಿ.

ಹೀಗೆ ನಮ್ಮ ಸಿಡಿಲರಾಯ ಶುರುವಾದ. ದಪ್ಪ ರಟ್ಟಿನ ನೋಟುಬುಕ್ಕೊಂದನ್ನು ತಂದೆವು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆಯುವುದು. ಬರೆದದ್ದನ್ನು ಶಾಂತಾಬಾಯಿ ರೈಲಿನಲ್ಲಿ ಗಟ್ಟಿಯಾಗಿ ಓದುವುದು, ಏಕೆಂದರೆ ಗಾಲಿಗಳ ಸದ್ದನ್ನು ಮೀರಿಸುವ ದನಿ ಇದ್ದದ್ದು ಅವರೊಬ್ಬರಿಗೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸುಳ್ಳೆನ್ನುವಂತಿಲ್ಲ; ಏನೇ ಆಗಿದ್ದರೂ ಅಲ್ಲಿಂದಲೇ ಮುಂದುವರಿಸಬೇಕು. ಈ ಕೊನೆಯ ನಿಯಮದ ರುಚಿ ಏನೆಂದು ಆಮೇಲೆ ತಿಳಿಯಿತು. ನಾನು ಒಂದು ಅಧ್ಯಾಯ ಮುಗಿಸಿ ನೋಟುಬುಕ್ಕನ್ನು ಮುಂದಕ್ಕೆ ಕೊಟ್ಟರೆ, ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದವರ ಕಳವಳ ಏನೆಂದು ಅರ್ಥವಾಗುತ್ತಿತ್ತು. ಅವನನ್ನು ಏನು ಮಾಡಿದರೋ, ಎಲ್ಲಿಗೆ ಒಯ್ದರೋ! ಕಚೇರಿಯಲ್ಲಿ ಜಮೀನಿನ ಕಾಗದ ನೋಡುತ್ತಿದ್ದರೂ ನನಗೆ ಅದೇ ಕುತೂಹಲ.

ಮೂವರ ಸಿಡಿಲರಾಯರೂ ಬೇರೆ ಬೇರೆ ತೆರನಾಗಿದ್ದರು. ನನ್ನವನು ಬರೀ ಹೊಡೆದಾಡುವವನು. ನಾನು ಜೀವಮಾನದಲ್ಲಿ ಯಾರಿಗೂ ಒಂದು ಏಟು ಕೊಟ್ಟವನಲ್ಲವಾದ್ದರಿಂದ ಒಂದೊಂದು ಅಧ್ಯಾಯಕ್ಕೂ ಹತ್ತಾರು ದವಡೆ ಮುರಿಸುತ್ತಿದ್ದೆ. ದಸ್ತಗೀರಸಾಬರಿಗೆ ಖಳನ ಮೇಲೆ ಪ್ರೀತಿ. ಮೂಲದಲ್ಲಿ ಡಾಕ್ಟರ್ ಕಾರ್ಕೋಟನ ಅಡ್ಡೆ ಇದ್ದದ್ದು ನಡುಸಮುದ್ರದ ದ್ವೀಪದಲ್ಲಿ. ಸಾಬರು ಸಮುದ್ರ ನೋಡಿರಲಿಲ್ಲ. ಅದಕ್ಕೆ ಅವನನ್ನು ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಕೆರೆಯ ತಳದಲ್ಲಿ ಇಳಿಸಿ, ಸುತ್ತಲೂ ಮೊಸಳೆಗಳನ್ನು ಕಾವಲಿಟ್ಟು, ಅವನಿಗೆ ದಿನವೂ ಬೆಳಿಗ್ಗೆ ಏಲಕ್ಕಿ ಹಾಕಿದ ಚಹಾ ಕುಡಿಸುತ್ತಿದ್ದರು. ಶಾಂತಾಬಾಯಿಗೆ ಇವೆರಡರಲ್ಲೂ ಆಸಕ್ತಿ ಇಲ್ಲ. ಅವರು ಮಾಡಿದ ಮೊದಲ ಕೆಲಸವೆಂದರೆ ಸಿಡಿಲರಾಯನಿಗೆ ಒಬ್ಬ ತಾಯಿಯನ್ನು ಒದಗಿಸಿದ್ದು. “ಆ ನೀಲಿ ಶಾಲು ಒಗಿಯಾವರು ಯಾರ್ರಿ? ಯಾರೂ ಇಲ್ಲಂದ್ರ ಅದು ಇಷ್ಟೊತ್ತಿಗೆ ಕರ್ರಗಾಗಿರಬೇಕು,” ಎಂಬುದು ಅವರ ವಾದ. ನನ್ನ ಅಧ್ಯಾಯವೊಂದರಲ್ಲಿ ಅವನು ಎದೆಗೆ ಈಟಿ ಚುಚ್ಚಿಸಿಕೊಂಡು ಧರ್ಮದ ಬಗ್ಗೆ ದೀರ್ಘ ಭಾಷಣ ಮಾಡಿದ್ದ. ಅದನ್ನು ಓದುತ್ತ ಓದುತ್ತ ನಡುವೆ ನಿಲ್ಲಿಸಿ, “ಇಷ್ಟು ರಕ್ತ ಹೋದ ಮ್ಯಾಲೆ ಯಾರೂ ಭಾಷಣ ಮಾಡೂದಿಲ್ರಿ, ನೀರ ಕೇಳ್ತಾರ” ಎಂದರು. ಡಬ್ಬಿಯಲ್ಲಿದ್ದ ಮಂದಿಯೆಲ್ಲ ಹೌದೆಂದು ತಲೆಯಾಡಿಸಿದರು. ಅಷ್ಟು ಹೊತ್ತಿಗೆ ಡಬ್ಬಿಯೇ ನಮ್ಮ ಕಥೆ ಕೇಳುತ್ತಿತ್ತು.

ಇನ್ನೊಂದು ವಿಷಯ, ನಮಗೇ ಗೊತ್ತಿಲ್ಲದೆ ನಡೆದದ್ದು. ಬೆಂಗಳೂರಿನ ಪತ್ರಿಕೆಯಲ್ಲಿ “ಬನ್ನಿ, ಹೋಗೋಣ” ಎನ್ನುತ್ತಿದ್ದ ಸಿಡಿಲರಾಯ ನಮ್ಮ ಕೈಗೆ ಬಂದ ಮೇಲೆ “ಬರ್ರಿ, ಹೋಗೂಣು” ಎನ್ನತೊಡಗಿದ್ದ. ಅವನಿಗೆ ತಾಯಿ ಬಂದಳಲ್ಲ, ಆಕೆ ರೊಟ್ಟಿ ಬಡಿಯುವವಳು. ಅವಳ ಜೊತೆ ಅವನು ಬೇರೆ ಹೇಗೆ ಮಾತಾಡಿಯಾನು? ಇದರಲ್ಲಿ ಏನಾದರೂ ವಿಶೇಷವಿದೆಯೆಂದು ನಮ್ಮ ಯಾರಿಗೂ ಹೊಳೆಯಲಿಲ್ಲ, ನಮ್ಮ ಸಾಹೇಬರು ಬರುವವರೆಗೂ.

ಸಾಹೇಬರೆಂದರೆ ಪುಟ್ಟಸ್ವಾಮಯ್ಯನವರು, ನಮ್ಮ ಕಚೇರಿಯ ಮುಖ್ಯಸ್ಥರು. ಮುಂಬಯಿ ಸರಕಾರದ ಪದ್ಧತಿಗೆ ಒಗ್ಗಿಹೋಗಿದ್ದ ನಮ್ಮನ್ನು ತಿದ್ದಲೆಂದೇ ಮೈಸೂರು ಕಡೆಯಿಂದ ಕಳಿಸಿದ್ದಾರೆ ಎಂದು ಕಚೇರಿಯಲ್ಲಿ ಮಾತು. ಸಂಸಾರವನ್ನು ಕರೆತಂದಿರಲಿಲ್ಲ. ಯಾರೊಡನೆಯೂ ಹೆಚ್ಚು ಮಾತಿಲ್ಲ. ನಾವು ಬರೆದ ಪ್ರತಿ ಟಿಪ್ಪಣಿಯ ಮೇಲೂ ಅವರ ಕೆಂಪು ಶಾಯಿ ಓಡಾಡುತ್ತಿತ್ತು. ಒಂದು ದಿನ ನಾನು ಹೊಸ ಅಧ್ಯಾಯವನ್ನು ಬಿಡಿ ಹಾಳೆಯಲ್ಲಿ ಬರೆದು, ಸಂಜೆ ನೋಟುಬುಕ್ಕಿಗೆ ಇಳಿಸಿದರಾಯಿತೆಂದು ಒಂದು ಫೈಲಿನಲ್ಲಿ ಇಟ್ಟಿದ್ದೆ. ಆ ಫೈಲು ನನಗಿಂತ ಮೊದಲು ಎದ್ದು ಸಾಹೇಬರ ಮೇಜಿಗೆ ಹೋಯಿತು. ಕರೆ ಬಂತು. ಹೋದೆ. ಸಾಹೇಬರು ಹಾಳೆಗಳನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಿದ್ದರು.

“ಏನ್ರೀ ಇದು?”

ನೌಕರಿ ಹೋಯಿತೆಂದೇ ಲೆಕ್ಕ. ಮುಂದೆ ಏನು ಮಾಡಿ ಹೊಟ್ಟೆ ಹೊರೆಯುವುದೆಂದು ನಾನು ಯೋಚಿಸುತ್ತಿರುವಾಗಲೇ ಅವರು ಮುಂದುವರಿಸಿದರು:

“ಸಿಡಿಲರಾಯ ‘ಯಾಕಲೇ ಮಗನ’ ಅಂತಾನಲ್ಲ ಇಲ್ಲಿ? ಅವನು ಯಾವತ್ತಾದ್ರೂ ಹಾಗೆ ಮಾತಾಡಿದ್ದುಂಟೇನ್ರೀ? ವೈರಿಗೂ ಬಹುವಚನ ಕೊಡೋನು ಅವನು!”

ಸಾಹೇಬರ ಮುಖ ಕೆಂಪಾಗಿತ್ತು. ಆದರೆ ಅದು ಅಧಿಕಾರಿಯ ಸಿಟ್ಟಲ್ಲ. ಸ್ವಂತ ಅಣ್ಣನ ಬಗ್ಗೆ ಯಾರೋ ಇಲ್ಲದ್ದು ಹೇಳಿದರೆ ಬರುತ್ತದಲ್ಲ, ಅಂಥದ್ದು. ವಿಚಾರಿಸಿದರೆ, ಅವರು ಮೊದಲ ಸಂಚಿಕೆಯಿಂದ ಓದಿದವರು. ಬಾವಿಗೆ ಬಿದ್ದವನು ಏನಾದ ಎಂದು ಅವರೂ ಇಷ್ಟು ದಿನ ಒಳಗೊಳಗೇ ಕೊರಗುತ್ತಿದ್ದರು. ನಮ್ಮಲ್ಲಿ ಅವನು ಬದುಕಿದ್ದಾನೆಂದು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, “ಹೇಗೆ ಎತ್ತಿದಿರಿ?” ಎಂದು ಕೇಳಿದ ದನಿ ಕಚೇರಿಯ ದನಿಯಾಗಿರಲಿಲ್ಲ. ಹಿಂದಿನದ್ದೆಲ್ಲ ಓದಬೇಕು, ನೋಟುಬುಕ್ಕು ತನ್ನಿ ಎಂದರು. ಕೊಟ್ಟೆ. ಸಾಹೇಬರೂ ನಮ್ಮೊಂದಿಗೆ ಬರೆಯಲಿ ಎಂದು ರೈಲಿನವರೂ ಒಪ್ಪಿದರು.

ನೋಟುಬುಕ್ಕು ತಿರುಗಿ ಬಂದಾಗ ಶಾಂತಾಬಾಯಿ ಅದನ್ನು ತೆರೆದು, ಓದುವ ಬದಲು ನಮ್ಮ ಕಡೆ ತಿರುಗಿಸಿ ಹಿಡಿದರು. ಸಾಹೇಬರು ತಮ್ಮ ಅಧ್ಯಾಯವನ್ನು ಬರೆದದ್ದು ಮಾತ್ರವಲ್ಲ, ಹಿಂದಿನ ಎಲ್ಲ ಅಧ್ಯಾಯಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ್ದರು. “ಬರ್ರಿ” ಇದ್ದಲ್ಲೆಲ್ಲ “ಬನ್ನಿ.” “ಯವ್ವಾ” ಇದ್ದಲ್ಲೆಲ್ಲ “ಅಮ್ಮಾ.” ಮೊಸಳೆಗಳನ್ನು ನೋಡಿಕೊಳ್ಳುವ ಆಳಿನ ಮಾತನ್ನೂ ಬಿಟ್ಟಿರಲಿಲ್ಲ.

ದಸ್ತಗೀರಸಾಬರು ಪುಟ ತಿರುವಿ ತಿರುವಿ ನೋಡಿದರು. ಆಮೇಲೆ ನೋಟುಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು, “ನನ್ನ ಕಥಿ ತಿದ್ದಲಿ ಬಿಡ್ರಿ. ನನ್ನ ನಾಲಿಗಿ ತಿದ್ದೂದು ಯಾವ ನ್ಯಾಯರಿ?” ಎಂದರು. ಮರುದಿನ ಅವರು ಬೇರೆ ಡಬ್ಬಿ ಹತ್ತಿದರು.

ಈಗ ನನ್ನ ಸ್ಥಿತಿ ಯೋಚಿಸಿ. ಒಂದು ಕಡೆ ನನ್ನ ಬಡ್ತಿಯ ಕಾಗದಕ್ಕೆ ಸಹಿ ಹಾಕಬೇಕಾದವರು, ಇನ್ನೊಂದು ಕಡೆ ನನ್ನ ಗೆಳೆಯರು, ನಡುವೆ ಮುಗದದ ಕೆರೆಯ ಮೇಲೆ ಯಾವ ಭಾಷೆಯಲ್ಲಿ ಕೂಗಬೇಕೆಂದು ತಿಳಿಯದೆ ತೇಲುತ್ತಿರುವ ಸಿಡಿಲರಾಯ. ಕೊನೆಗೆ ಒಂದು ಭಾನುವಾರ ಎಲ್ಲರನ್ನೂ ಸಾಬರ ಅಂಗಡಿಯಲ್ಲಿ ಕೂಡಿಸಿದೆ. ಚಹಾ ಬಂತು. ಗೋಡೆಯ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಿದ್ದವು. ಒಳಗಿನ ಜನರ ಅಭಿಪ್ರಾಯಗಳೂ ಹಾಗೆಯೇ ಇದ್ದವು.

“ನೋಡಿ ಸಾಬ್ರೇ,” ಎಂದರು ಸಾಹೇಬರು, “ನಿಮ್ಮ ಭಾಷೆ ಬಗ್ಗೆ ನನಗೇನೂ ಇಲ್ಲ. ಆದ್ರೆ ಸಿಡಿಲರಾಯ ನಮ್ಮ ಕಡೆಯೋನು. ಅವನನ್ನ ಹುಟ್ಟಿಸಿದೋರ ಭಾಷೆ ಅವನು ಆಡ್ಬೇಕು. ಅದು ನ್ಯಾಯ.”

“ಹುಟ್ಟಿಸಿದಾವರು ಬಾವ್ಯಾಗ ನೂಕಿ ಅಂಗಡಿ ಮುಚ್ಚಿಕೊಂಡು ಹೋದ್ರಲ್ರಿ ಸಾಹೇಬ್ರ,” ಎಂದರು ದಸ್ತಗೀರಸಾಬರು, ಚಹಾದ ಬಸಿ ಕೆಳಗಿಟ್ಟು. “ಕಾದ ಸೀಸದಾಗಿಂದ ಎತ್ತಿದಾವರು ನಾವು. ಒರಸಿದಾವರು ನಾವು. ರೊಟ್ಟಿ ಹಾಕಿದಾವರು ನಾವು. ಉಂಡ ಮನಿ ಮಾತ ಆಡ್ತಾನ ಅಂವಾ.”

“ಹಾಗಂತ ಹೆಸರು ಬಿಟ್ಟು ಬೇರೆಲ್ಲ ಬದಲಾಯಿಸಿದ್ರೆ ಅವನು ಅವನೇ ಹೇಗಾಗ್ತಾನ್ರೀ?”

ಸಾಬರು ಗೋಡೆಯ ಕಡೆ ತಿರುಗಿ ಗಡಿಯಾರವೊಂದಕ್ಕೆ ಕೀಲಿ ಕೊಡತೊಡಗಿದರು. ನಾನು ಇಬ್ಬರ ಮಾತಿಗೂ ಒಂದೊಂದು ಸಲ ತಲೆಯಾಡಿಸಿ ಇಬ್ಬರಿಂದಲೂ ಸಿಟ್ಟಿನ ನೋಟ ಗಳಿಸಿದ್ದೆ. ಸಾಹೇಬರು ಎದ್ದು ನಿಂತರು. ಈ ಬಾಗಿಲು ದಾಟಿದರೆ ಅವರು ಮತ್ತೆ ಬರುವುದಿಲ್ಲ, ಸಾಬರು ಮತ್ತೆ ನಮ್ಮ ಡಬ್ಬಿಗೆ ಹತ್ತುವುದಿಲ್ಲ, ಸಿಡಿಲರಾಯ ಎರಡನೆಯ ಸಲ ಅರ್ಧಕ್ಕೆ ನಿಲ್ಲುತ್ತಾನೆ. ಆಗ ಶಾಂತಾಬಾಯಿ ಕೇಳಿದರು, “ಈಗ ಯಾರ ಪಾಳೇರಿ?”

“ನಿಮ್ಮದು,” ಎಂದೆ.

“ಹಂಗಾದ್ರ ಕೂಡ್ರಿ ಎಲ್ಲಾರೂ. ನಾ ಬರದ ಮ್ಯಾಲೆ ಜಗಳಾ ಮಾಡೀರಂತ. ನಂದಾದ ಮ್ಯಾಲೆ ಸಾಹೇಬ್ರ ಪಾಳಿ ಅಲ್ಲೇನು?”

ಸಾಹೇಬರು ಹೌದೆಂದರು. ಎಷ್ಟೆಂದರೂ ನಿಯಮಕ್ಕೆ ಬೆಲೆ ಕೊಡುವ ಮನುಷ್ಯ.

ಶಾಂತಾಬಾಯಿ ತಮ್ಮ ಅಧ್ಯಾಯದಲ್ಲಿ ಸಿಡಿಲರಾಯನಿಗೆ ಜ್ವರ ಬರಿಸಿದರು. ಇಷ್ಟು ದಿನ ಕೆರೆಯ ನೀರಿನಲ್ಲಿ ನೆನೆದವನು ಮಳೆಯಲ್ಲಿ ಹಾರುತ್ತ ಮನೆಗೆ ಬಂದ, ನಡುಗಿದ, ಕಂಬಳಿ ಹೊದ್ದು ಮಲಗಿದ. ಹೊಡೆದಾಟವಿಲ್ಲ, ಮೊಸಳೆಯಿಲ್ಲ. ತಾಯಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ, ಅಷ್ಟೇ. ಆದರೂ ಡಬ್ಬಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕೊನೆಗೆ ಜ್ವರದ ತಾಪ ನೆತ್ತಿಗೇರಿ ಅವನಿಗೆ ಎಚ್ಚರ ತಪ್ಪುತ್ತದೆ. ಅವನ ತುಟಿಗಳು ಅಲುಗುತ್ತವೆ. ತಾಯಿ ಬಗ್ಗಿ ಕಿವಿಗೊಡುತ್ತಾಳೆ. ಅವನು ಹೇಳುತ್ತಾನೆ...

ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದರು!

“ಏನಂತಾನ್ರಿ?” ಎಂದು ಸಾಬರು ಚೀರಿದರು. ಅವರು ಆ ದಿನ ನಮ್ಮ ಡಬ್ಬಿಗೆ ಬಂದಿದ್ದರು, ಬೇರೆ ಕಡೆ ಜಾಗ ಸಿಗಲಿಲ್ಲ ಎಂಬ ನೆಪ ಹೇಳಿಕೊಂಡು.

“ನನಗೇನು ಗೊತ್ತರಿ? ಸಾಹೇಬ್ರು ಹೇಳಬೇಕು,” ಎಂದು ಶಾಂತಾಬಾಯಿ ನೋಟುಬುಕ್ಕು ಮುಚ್ಚಿ ನನ್ನ ಕೈಗಿತ್ತರು. “ಎಚ್ಚರ ಇದ್ದಾಗ ಮಂದಿ ಹ್ಯಾಂಗ್ಯಾಂಗೋ ಮಾತಾಡ್ತಾರ. ಎಚ್ಚರಿಲ್ಲದಾಗ ಅಂವಾ ಏನಂದಾ, ಅದನ್ನ ಬರೀರಿ ಅನ್ರಿ.”

ಸಾಹೇಬರು ನೋಟುಬುಕ್ಕು ಇಟ್ಟುಕೊಂಡು ಬಹಳ ದಿನ ಕೊಡಲಿಲ್ಲ. ನಾನು ಕುತೂಹಲದಿಂದ ಸಾಯುತ್ತಿದ್ದೆ. ಅವರ ಕೋಣೆಗೆ ಕಾರಣವಿಲ್ಲದೆ ಫೈಲು ಒಯ್ಯುವುದು, ಮುಖ ನೋಡುವುದು, ಬರುವುದು. ಅವರು ಕಿಟಕಿಯ ಹೊರಗೆ ಬೇವಿನ ಗಿಡವನ್ನು ನೋಡುತ್ತ ಕೂತಿರುತ್ತಿದ್ದರು. ಆ ದಿನಗಳಲ್ಲಿ ನಮ್ಮ ಟಿಪ್ಪಣಿಗಳ ಮೇಲೆ ಕೆಂಪು ಶಾಯಿ ಕಡಿಮೆಯಾಯಿತೆಂದು ಇಡೀ ಕಚೇರಿ ಗಮನಿಸಿತು. ಒಂದು ಸಲ ನನ್ನನ್ನು ನಿಲ್ಲಿಸಿ, “ನಿಮ್ಮ ಕಡೆ ಮಗೂಗೆ ಜ್ವರ ಬಂದ್ರೆ ತಾಯಿ ದೃಷ್ಟಿ ತೆಗೀತಾರೇನ್ರೀ?” ಎಂದು ಕೇಳಿದರು.

“ತಗೀತಾರ್ರಿ ಸಾಹೇಬ್ರ. ಉಪ್ಪು, ಮೆಣಸಿನಕಾಯಿ ಇಳಿಸಿ ಒಲ್ಯಾಗ ಒಗೀತಾರ.”

“ನಮ್ಮಲ್ಲೂ ಅಷ್ಟೇ,” ಎಂದು ಮತ್ತೆ ಬೇವಿನ ಗಿಡದ ಕಡೆ ತಿರುಗಿದರು.

ಅಂತೂ ಒಂದು ಸಂಜೆ ನೋಟುಬುಕ್ಕು ನನ್ನ ಮೇಜಿಗೆ ಬಂತು. ಬಿಚ್ಚಿ ನೋಡಬಾರದು, ರೈಲಿನಲ್ಲೇ ಓದಬೇಕು ಎಂಬುದು ನಮ್ಮ ಇನ್ನೊಂದು ನಿಯಮ. ಆ ರಾತ್ರಿಯನ್ನು ನಾನು ಹೇಗೆ ಕಳೆದೆನೆಂದು ನನ್ನ ಹೆಂಡತಿಯನ್ನು ಕೇಳಬೇಕು. ಮರುದಿನ ಗಾಡಿ ಹುಬ್ಬಳ್ಳಿ ಬಿಟ್ಟ ಕೂಡಲೇ ಶಾಂತಾಬಾಯಿ ಓದಿದರು. ಸಿಡಿಲರಾಯನ ತುಟಿ ಅಲುಗಿತು. ತಾಯಿ ಬಗ್ಗಿದಳು. ಅವನು ಹೇಳಿದ: “ಅವ್ವಾ... ವಸಿ ನೀರ್ ಕೊಡವ್ವ.”

“ನಮ್ಮ ಮಾತು!” ಎಂದು ದಸ್ತಗೀರಸಾಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹಾಲು ಮಾರುವವನು ಗೆದ್ದದ್ದು ಯಾರೆಂದು ಕೇಳಿ ತಾನೂ ತಟ್ಟಿದ. ಶಾಂತಾಬಾಯಿ ಮಾತ್ರ ಆ ಸಾಲನ್ನು ಇನ್ನೊಮ್ಮೆ ತಮ್ಮಷ್ಟಕ್ಕೆ ಓದಿಕೊಂಡು, “‘ವಸಿ’ ಅಂದ್ರ ಏನ್ರಿ?” ಎಂದರು. ಯಾರಿಗೂ ಗೊತ್ತಿರಲಿಲ್ಲ.

ಕಚೇರಿಗೆ ಹೋದವನೇ ಸಾಹೇಬರಿಗೆ ಕೈಮುಗಿದು, ದೊಡ್ಡ ಮನಸ್ಸು ಮಾಡಿ ನಮಗಾಗಿ ಬಿಟ್ಟುಕೊಟ್ಟಿರಿ ಎಂದೆ. ಅವರಿಗೆ ಸಿಟ್ಟೇ ಬಂತು.

“ಬಿಟ್ಟುಕೊಟ್ಟಿಲ್ಲ ಕಣ್ರೀ! ಅದು ನಿಮ್ಮ ಮಾತಲ್ಲ, ನಮ್ಮೂರ ಮಾತು. ವಸಿ ಅಂದ್ರೆ ಸ್ವಲ್ಪ. ಮಂಡ್ಯದ ಕಡೆ ಹಳ್ಳಿ ನಮ್ಮದು. ಅವ್ವ ಅಂತಲೇ ಅನ್ನೋದು. ‘ಅಮ್ಮ’ ಅಂತ ಕಲ್ತಿದ್ದು ಮೈಸೂರಿಗೆ ಓದೋಕೆ ಹೋದ ಮೇಲೆ, ಹಾಸ್ಟೆಲ್ ಹುಡುಗ್ರು ನಗ್ತಾರೆ ಅಂತ.” ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ರಜಕ್ಕೆ ಊರಿಗೆ ಹೋದಾಗ ಒಂದ್ಸಲ ಅವಳನ್ನ ‘ಅಮ್ಮಾ’ ಅಂದೆ. ಹಿಂದೆ ತಿರುಗಿ ನೋಡಿದ್ಳು ಕಣ್ರೀ, ಯಾರನ್ನ ಕರೀತಿದ್ದಾನೆ ಅಂತ.”

ರೈಲಿನಲ್ಲಿ ನಾನು ಇದನ್ನು ಹೇಳಿದಾಗ ಸಾಬರು ಈ ಸಲ ಚಪ್ಪಾಳೆ ತಟ್ಟಲಿಲ್ಲ. ಆ ಭಾನುವಾರ ತಾವೇ ಹೋಗಿ ಸಾಹೇಬರನ್ನು ಅಂಗಡಿಗೆ ಕರೆತಂದು, ಏಲಕ್ಕಿ ಹಾಕಿದ ಚಹಾ ಕುಡಿಸಿದರು. ಡಾಕ್ಟರ್ ಕಾರ್ಕೋಟನಿಗೆ ಬಿಟ್ಟರೆ ಬೇರೆ ಯಾರಿಗೂ ಅವರು ಅದನ್ನು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅಂದಿನಿಂದ ಸಿಡಿಲರಾಯ ಯಾರ ಕೈಯಲ್ಲಿದ್ದಾನೋ ಅವರ ಮಾತು ಆಡತೊಡಗಿದ. ಕೇಳುವವರಿಗೂ ರೂಢಿಯಾಯಿತು. ಸಾಹೇಬರಂತೂ ಉತ್ಸಾಹದಲ್ಲಿ ನಮ್ಮ “ರಿ” ಹಿಡಿದುಕೊಂಡು, ಎಲ್ಲಿ ಹಚ್ಚಬೇಕು ಎಲ್ಲಿ ಬಿಡಬೇಕು ಎಂದು ತಿಳಿಯದೆ, “ಮೊಸಳಿಯವರ, ಒಂಚೂರು ದಾರಿ ಬಿಡ್ರೀ” ಎಂದು ಬರೆದುಬಿಟ್ಟರು. ಸಾಬರು ಅದನ್ನು ತಿದ್ದಲಿಲ್ಲ. ಮುಂದಿನ ಅಧ್ಯಾಯದಲ್ಲಿ ಮೊಸಳೆಗಳು ಸರಿದು ದಾರಿ ಬಿಟ್ಟವು, ಅಷ್ಟು ಮರ್ಯಾದೆಯಿಂದ ತಮ್ಮನ್ನು ಹಿಂದೆ ಯಾರೂ ಮಾತಾಡಿಸಿರಲಿಲ್ಲವೆಂದು.

ಆದರೆ ಅದಕ್ಕೂ ಮೊದಲು, ಸಾಹೇಬರು ಜ್ವರ ಬಿಡಿಸಿದ ನಂತರದ ಸರದಿ ನನ್ನದಾಗಿತ್ತು. ಬಹಳ ದಿನ ಕೈ ಕಟ್ಟಿಕೊಂಡು ಕೂತಿದ್ದೆನಾದ್ದರಿಂದ ಸಿಡಿಲರಾಯನನ್ನು ಹಾಸಿಗೆಯಿಂದ ಎಬ್ಬಿಸಿ, ಎಬ್ಬಿಸಿದ ಸಾಲಿನಲ್ಲೇ ಸತ್ತೂರಿನ ಬಯಲಿನಲ್ಲಿ ದೊಡ್ಡ ಯುದ್ಧ ಹೂಡಿದೆ. ಶಾಂತಾಬಾಯಿ ಮೊದಲ ಪುಟ ಓದಿ ನಿಲ್ಲಿಸಿದರು. “ನಿನ್ನೆ ಜ್ವರಾ ಬಿಟ್ಟಾಂವ ಇವತ್ತ ಯುದ್ಧಾ ಮಾಡ್ತಾನೇನ್ರಿ? ಮದಲ ಗಂಜಿ ಕುಡಸ್ರಿ,” ಎಂದು ನೋಟುಬುಕ್ಕು ತಿರುಗಿ ಕೊಟ್ಟರು. ಅವಮಾನವಾಯಿತು. ಹಟಕ್ಕೆ ಬಿದ್ದು ಇಡೀ ಅಧ್ಯಾಯವನ್ನು ಗಂಜಿಯ ಮೇಲೆಯೇ ಬರೆದೆ. ಅಕ್ಕಿಯನ್ನು ಹುರಿದದ್ದು, ನುಚ್ಚು ಮಾಡಿದ್ದು, ಜೀರಿಗೆ ಎಷ್ಟು, ಉಪ್ಪು ಯಾವಾಗ, ಅಂಗೈಯಗಲದ ಬಟ್ಟಲನ್ನೂ ಎತ್ತಲಾರದೆ ಕಬ್ಬಿಣ ಮುರಿಯುವವನು ಹೇಗೆ ತಾಯಿಯ ಮುಖ ನೋಡಿದ ಎಂಬುದೆಲ್ಲ. ಓದಿ ಮುಗಿದಾಗ ಡಬ್ಬಿಯಲ್ಲಿ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಸಾಹೇಬರು ಕರೆಸಿ ಬೆನ್ನು ತಟ್ಟಿದರು. ನೂರಾರು ದವಡೆ ಮುರಿದರೂ ಸಿಗದ ಕೀರ್ತಿ ನನಗೆ ಒಂದು ಬಟ್ಟಲು ಗಂಜಿಯಿಂದ ಸಿಕ್ಕಿತು. ಆ ಉಬ್ಬಿನಲ್ಲಿ, ಎಂದೂ ನನ್ನ ಬರಹ ಓದದ ಹೆಂಡತಿಗೂ ಅದನ್ನು ತೋರಿಸಿದೆ.

ಅವಳು ಒಲೆಯ ಮುಂದೆ ಕೂತು, ತುಟಿ ಅಲುಗಿಸುತ್ತ, ಮೊದಲಿನಿಂದ ಕೊನೆಯವರೆಗೂ ನಿಧಾನವಾಗಿ ಓದಿದಳು.

“ಛಲೋ ಬರದೀರಿ,” ಎಂದಳು. “ಇಷ್ಟೆಲ್ಲಾ ಬರತೈತಿ ಅಂತ ಇಷ್ಟು ವರ್ಷ ಒಂದು ಮಾತರ ಹೇಳಬಾರದೇನ್ರಿ?”

ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಸೀನಿದರೂ ಗಂಜಿ ಕಾಯಿಸುವವನು ನಾನೇ.